ಮೇಳದಲ್ಲಿ ಒಬ್ಬನ ಮೇಲ್ಮೆ

ಹಲವರು ಕೂಡಿ ನಡೆಸುವ ಕಾರ್ಯದಲ್ಲಿ ಲೋಕದ ಕಣ್ಣು ಒಬ್ಬನ ಮೇಲೆಯೇ ನಿಲ್ಲುವುದು ಹೊಸ ಸಂಗತಿಯೇನೂ ಅಲ್ಲ. ತೇರನ್ನೆಳೆಯುವವರು ನೂರು ಮಂದಿಯಾದರೂ ನೆನಪಿನಲ್ಲುಳಿಯುವುದು ಮುಂದೆ ನಿಂತು ಕೂಗು ಹಾಕಿದವನ ಮುಖ. ರಾಜ್ಯಾಡಳಿತದಲ್ಲಿಯೂ, ಆಟದ ಬಯಲಿನಲ್ಲಿಯೂ, ಸಂಗೀತದ ಗೋಷ್ಠಿಯಲ್ಲಿಯೂ ಇದೇ ಕ್ರಮ. ಆ ಒಬ್ಬನು ಹಾಗೆ ಎದ್ದು ಕಾಣುವುದಕ್ಕೆ ಕಾರಣವೇನು, ಅದು ಅವನ ಯೋಗ್ಯತೆಯೇ ನಮ್ಮ ಕಣ್ಣಿನ ದೋಷವೇ, ಅದರಿಂದ ಮಿಕ್ಕವರಿಗೆ ಆಗತಕ್ಕ ಲಾಭ ನಷ್ಟಗಳೇನು ಎಂದು ವಿಚಾರಮಾಡುವವರು ಮಾತ್ರ ವಿರಳ. ಯಕ್ಷಗಾನ ಮೇಳಗಳು ಘಟ್ಟವನ್ನೇರಿ ನಮ್ಮ ಕಾಫಿಯ ಸೀಮೆಗೆ ಬರುವ ಪದ್ಧತಿ ಇಂದಿಗೂ ಜೀವಂತವಾಗಿರುವುದರಿಂದ, ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ವಾಚಕರಿಗೆ ಈ ವಿಚಾರವು ದೂರದ್ದಾಗಲಾರದೆಂದು ನಾವು ನಂಬಿದ್ದೇವೆ.

ಕಾಫಿಯ ಕೊಯ್ಲಿಗೂ ಬಯಲಾಟದ ತಿರುಗಾಟಕ್ಕೂ ಇರುವ ಕಾಲದ ಹೊಂದಿಕೆಯನ್ನು ನೋಡಿರಿ. ದೀಪಾವಳಿ ಕಳೆದ ಮೇಲೆ ಮೇಳಗಳು ಗೆಜ್ಜೆ ಕಟ್ಟುತ್ತವೆ. ಅದೇ ದಿನಗಳಲ್ಲಿ ಅರೇಬಿಕಾದ ಹಣ್ಣು ಕೆಂಪಾಗುತ್ತದೆ. ರೋಬಸ್ಟಾದ ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗಾಗಿ, ಮುಂಗಾರಿನ ಮೋಡ ಕವಿಯುವ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಹಿಂದಿನ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ತೋಟಗಳ ಕೆಲಸಕ್ಕಾಗಿ ಮೇಲಕ್ಕೆ ಬಂದು, ಮಳೆಗಾಲಕ್ಕೆ ಮುಂಚೆ ಕೆಳಗಿಳಿಯುತ್ತಿದ್ದ ಸಹಸ್ರಾರು ಜನರಿಗೆ, ಆಟವೆಂದರೆ ಊರಿನ ನೆನಪನ್ನು ತಂದೊಪ್ಪಿಸುವ ಬಂಧುವಿನಂತಿದ್ದಿತು. ಚಾರ್ಮಾಡಿಯ ದಾರಿಯಾಗಿ ತೆಂಕುತಿಟ್ಟೂ ಆಗುಂಬೆಯ ದಾರಿಯಾಗಿ ಬಡಗುತಿಟ್ಟೂ ಈ ಬೆಟ್ಟಗಳಿಗೆ ಬಂದುವು. ಎರಡು ತಿಟ್ಟುಗಳ ಭಾಗವತರನ್ನು ಅಕ್ಕಪಕ್ಕದಲ್ಲಿಟ್ಟು ತೂಗಿನೋಡುವ ಅಭ್ಯಾಸ ಮಲೆನಾಡಿನ ಪ್ರೇಕ್ಷಕನಿಗೆ ಬಂದಿರುವುದು ಹೀಗೆ. ಅವನ ಮಾತಿಗೆ ಬೆಲೆಯುಂಟು. ಆದಕಾರಣವೇ ಅವನ ಹೊಣೆಯೂ ದೊಡ್ಡದು.

ಯಕ್ಷಗಾನದ ಹಿಮ್ಮೇಳವೆಂಬುದು ನಾಲ್ಕೈದು ಮಂದಿಯ ಸಂಸಾರ. ಭಾಗವತನು ಹಾಡುತ್ತಾನೆ, ಮದ್ದಲೆಯವನೂ ಚಂಡೆಯವನೂ ನುಡಿಸುತ್ತಾರೆ, ಶ್ರುತಿಪೆಟ್ಟಿಗೆಯವನು ಇರುಳೆಲ್ಲ ಒಂದೇ ಸ್ವರವನ್ನು ಹಿಡಿದು ಕುಳಿತಿರುತ್ತಾನೆ. ಭಾಗವತನಿಗೆ ದೊರೆತಿರುವ ಅಧಿಕಾರ ಅಲ್ಪವಾದುದಲ್ಲ. ಪ್ರಸಂಗದ ಪುಸ್ತಕದಲ್ಲಿರುವ ಪದ್ಯಗಳ ಪೈಕಿ ಯಾವುದನ್ನು ಹಾಡಬೇಕು, ಯಾವುದನ್ನು ಬಿಡಬೇಕು, ವೇಷವು ಯಾವಾಗ ರಂಗಕ್ಕೆ ಬರಬೇಕು, ಕುಣಿತವು ಎಷ್ಟು ಹೊತ್ತು ನಡೆಯಬೇಕು, ಅರ್ಥ ಹೇಳುವ ಪಾತ್ರಧಾರಿಯ ಮಾತು ಹಳಿ ತಪ್ಪಿದಾಗ ಯಾವ ಒಂದು ಪ್ರಶ್ನೆಯಿಂದ ಅವನನ್ನು ದಾರಿಗೆ ತರಬೇಕು, ಬೆಳಗಾಗುವ ಮೊದಲು ಕಥೆಯನ್ನು ಹೇಗೆ ದಡ ಸೇರಿಸಬೇಕು ಎಂಬುದೆಲ್ಲ ಅವನ ಕೈಯಲ್ಲಿದೆ. ಅವನನ್ನು ಮೊದಲನೆಯ ವೇಷಧಾರಿಯೆಂದು ಹಿರಿಯರು ಕರೆದದ್ದು ಸುಮ್ಮನೆ ಅಲ್ಲ. ಆದರೆ ಈ ಅಧಿಕಾರವೆಲ್ಲವೂ ಮಿಕ್ಕವರಿಂದ ಕೆಲಸ ತೆಗೆಯುವುದಕ್ಕಾಗಿ ಕೊಟ್ಟ ಅಧಿಕಾರವೆಂಬುದನ್ನು ಮರೆಯಬಾರದು. ಶೃಂಗಾರ ಕರುಣಗಳ ಪದ್ಯಕ್ಕೆ ಮದ್ದಲೆಯ ಮೃದುವಾದ ನುಡಿ ಬೇಕು. ವೀರ ರೌದ್ರಗಳಿಗೆ ಚಂಡೆ ಏಳಬೇಕು. ಚಂಡೆಯು ಸುಮ್ಮನಿರಬೇಕಾದಲ್ಲಿ ಸುಮ್ಮನಿದ್ದರಷ್ಟೆ ಏಳಬೇಕಾದಲ್ಲಿ ಎದ್ದದ್ದು ಸಾರ್ಥಕ. ಬಿಡ್ತಿಗೆ ಮುಕ್ತಾಯಗಳ ಸೂಚನೆಯನ್ನು ಕಣ್ಣಿನಿಂದಲೇ ಕೊಡುವ ಭಾಗವತನೂ, ಅದನ್ನು ಕಣ್ಣಿನಿಂದಲೇ ಹಿಡಿಯುವ ವಾದಕನೂ ಕೂಡಿದಲ್ಲಿ ಮಾತ್ರ ಕುಣಿಯುವವನ ಕಾಲಿಗೆ ಧೈರ್ಯ ಬರುತ್ತದೆ.

ಇಂತಹ ಹಿಮ್ಮೇಳದಿಂದ ಒಬ್ಬನು ಹೊರಟು ಇಡೀ ನಾಡಿನ ಕಿವಿಯನ್ನು ಸೆಳೆದ ದೃಷ್ಟಾಂತವನ್ನು ಕೇಳಿದರೆ, ಬಡಗುತಿಟ್ಟಿನ ಅಭಿಮಾನಿಗಳ ನಾಲಗೆಗೆ ಮೊದಲು ಬರುವ ಹೆಸರು ಗುಂಡ್ಮಿ ಕಾಳಿಂಗ ನಾವಡರದು. 1958ರಲ್ಲಿ ಸಾಲಿಗ್ರಾಮದ ಬಳಿಯ ಗುಂಡ್ಮಿಯಲ್ಲಿ ಹುಟ್ಟಿದ ಈ ತರುಣರು 1990ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತವೊಂದರಲ್ಲಿ ಅಸುನೀಗಿದರು. ಸಾಮಾನ್ಯವಾಗಿ ಒಬ್ಬ ಭಾಗವತನ ಕಂಠ ಹದಕ್ಕೆ ಬಂದಿತೆಂದು ಹೇಳುವ ವಯಸ್ಸಿಗೆ ಅವರ ಬಾಳೇ ಮುಗಿದುಹೋಗಿತ್ತು. ಅವರು ಹೋಗಿ ಮೂರು ದಶಕಗಳಿಗಿಂತ ಹೆಚ್ಚಾಗಿದೆ. ಆದರೂ ಅವರ ಧ್ವನಿಸುರುಳಿಗಳನ್ನು ಕೇಳುತ್ತ ಬೆಳೆದವರು, ಅವರನ್ನು ಕಣ್ಣಿನಿಂದ ಕಾಣದವರೂ ಸಹ, ಯಾವ ಭಾಗವತರು ಹಾಡಿದರೂ ಮೊದಲು ಅವರೊಡನೆಯೇ ಹೋಲಿಸಿ ನೋಡುತ್ತಾರೆ. ಆಟಕ್ಕೆ ಹೋಗುವವರು ವೇಷಧಾರಿಯ ಹೆಸರನ್ನು ಕೇಳಿ ಹೊರಡುತ್ತಿದ್ದ ಕಾಲದಲ್ಲಿ, ಭಾಗವತರ ಹೆಸರನ್ನು ಕೇಳಿ ಡೇರೆಯ ಮುಂದೆ ಸಾಲು ನಿಲ್ಲುವಂತೆ ಮಾಡಿದ ಕೀರ್ತಿಯಲ್ಲಿ ನಾವಡರ ಪಾಲು ದೊಡ್ಡದೆಂಬುದನ್ನು ಅವರ ಟೀಕಾಕಾರರೂ ಅಲ್ಲಗಳೆಯಲಾರರು.

ಇದಕ್ಕೆ ಕಾರಣವೇನು? ಕಂಠವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಕಂಠವೇನೋ ಅಸಾಧಾರಣವಾದುದೇ, ಏರಿದಲ್ಲಿಯೂ ಇಂಪು ಕೆಡದೆ, ಸಾಹಿತ್ಯದ ಒಂದೊಂದು ಅಕ್ಷರವೂ ಕೊನೆಯ ಸಾಲಿನವನಿಗೆ ಸ್ಪಷ್ಟವಾಗುವಂತಹುದು. ಆದರೆ ಒಳ್ಳೆಯ ಕಂಠದವರು ಕರಾವಳಿಯಲ್ಲಿ ಅವರೊಬ್ಬರೇ ಇರಲಿಲ್ಲ. ನಾವು ಮೂರು ಕಾರಣಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಅವರ ಬುನಾದಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರುಗಳು ನಾರ್ಣಪ್ಪ ಉಪ್ಪೂರರು. ಕೋಟದ ಅಮೃತೇಶ್ವರಿ ಮೇಳದಲ್ಲಿ ಬಡಗಿನ ಸಂಪ್ರದಾಯವನ್ನು ಹಿಡಿದು ನಿಲ್ಲಿಸಿದ ಹಿರಿಯರಲ್ಲಿ ಒಬ್ಬರು. ತಾಳವು ಮೈಯಲ್ಲಿ ಇಳಿದಿದ್ದವನು ಮಾತ್ರ ರಾಗದಲ್ಲಿ ಸ್ವಾತಂತ್ರ್ಯ ವಹಿಸಬಲ್ಲನು. ನಾವಡರು ಹಿಂದೂಸ್ಥಾನಿ ಮತ್ತು ಕರ್ನಾಟಕ ಪದ್ಧತಿಗಳ ರಾಗಗಳನ್ನು ಬಯಲಾಟಕ್ಕೆ ತಂದರೆಂದು ಹೇಳುವವರು, ಆ ರಾಗವು ಎಲ್ಲಿ ಅಲೆದಾಡಿದರೂ ತಾಳದ ಮನೆಗೆ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತಿತ್ತೆಂಬ ಅರ್ಧವನ್ನು ಹೇಳದೆ ಬಿಡುತ್ತಾರೆ. ಆ ಅರ್ಧವೇ ಕುಣಿಯುವವನನ್ನು ಕಾಪಾಡಿದ್ದು.

ಎರಡನೆಯದು, ಕಾಲದ ಸಾಧನವನ್ನು ಬಳಸಿಕೊಂಡ ಜಾಣತನ. ದೊಂದಿಯ ಬೆಳಕಿನ ಕಾಲದಲ್ಲಿ ಭಾಗವತನ ಧ್ವನಿ ಗದ್ದೆಯ ಆಚೆಯ ಅಂಚನ್ನು ತನ್ನ ಬಲದಿಂದಲೇ ಮುಟ್ಟಬೇಕಾಗಿತ್ತು. ಅಂತಹ ಏರುಶ್ರುತಿಯ ಹಾಡಿನಲ್ಲಿ ಗಾಂಭೀರ್ಯವಿತ್ತು. ಪಿಸುಮಾತಿನ ಮಾರ್ದವಕ್ಕೆ ಎಡೆ ಕಡಮೆಯಾಗಿತ್ತು. ಧ್ವನಿವರ್ಧಕವು ಬಂದ ಮೇಲೆ ತಗ್ಗಿದ ಸ್ವರವೂ, ಸಣ್ಣ ತಿರುವೂ ಜನರ ಕಿವಿಗೆ ಮುಟ್ಟುವಂತಾಯಿತು. ನಾವಡರ ತಲೆಮಾರು ಈ ಸೌಕರ್ಯದ ನಡುವೆ ಹುಟ್ಟಿಬಂದಿತು. ಸಾಧನವನ್ನು ಬೊಬ್ಬೆಗಾಗಿ ಬಳಸಿದವರು ಹಲವರು. ನಾವಡರು ಅದನ್ನು ಭಾವದ ಸೂಕ್ಷ್ಮಕ್ಕಾಗಿ ಬಳಸಿದರು.

ಮೂರನೆಯದು, ಅವರು ಗಾಯಕರಷ್ಟೇ ಆಗಿ ಉಳಿಯಲಿಲ್ಲವೆಂಬುದು. ‘ನಾಗಶ್ರೀ’ಯಂತಹ ಹೊಸ ಪ್ರಸಂಗಗಳನ್ನು ತಾವೇ ರಚಿಸಿದರು. ಸಾಲಿಗ್ರಾಮ ಮೇಳದ ಡೇರೆಯಲ್ಲಿ ಈ ಪ್ರಸಂಗಕ್ಕೆ ದೊರೆತ ಜನಾದರ ಹಿರಿಯರಿಗೆಲ್ಲ ನೆನಪಿರತಕ್ಕದ್ದು. ಕಥೆಯನ್ನು ಕಟ್ಟಿದವನೇ ಹಾಡುವಲ್ಲಿ, ಯಾವ ಪಾತ್ರಕ್ಕೆ ಎಲ್ಲಿ ಅವಕಾಶ ಬೇಕೆಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ. ಆ ಪ್ರಸಂಗದಲ್ಲಿ ಪಾತ್ರ ವಹಿಸಿದವರಿಗೂ ಹೆಸರು ಬಂದಿತು. ನಾಯಕನ ಕೀರ್ತಿ ಸಂಗಡಿಗರ ಕೀರ್ತಿಗೆ ಅಡ್ಡವಾಗಲಿಲ್ಲ, ಆಸರೆಯಾಯಿತು.

ನಾವಡರ ಮಾರ್ಗವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಯಕ್ಷಗಾನಕ್ಕೆ ತನ್ನದೇ ಆದ ಮಟ್ಟುಗಳುಂಟು. ಹೊರಗಿನ ರಾಗಗಳ ಸವಿ ಹೆಚ್ಚಿದಂತೆ ಆ ಮಟ್ಟುಗಳು ಮರೆಯಾಗುತ್ತವೆ. ಕಲ್ಪಿತ ಕಥೆಗಳು ಬಂದು ಪುರಾಣ ಪ್ರಸಂಗಗಳು ಮೂಲೆ ಸೇರುತ್ತವೆ ಎಂಬುದು ಅವರ ವಾದ. ಈ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಶಿವರಾಮ ಕಾರಂತರು ಹಳೆಯ ರಾಗಗಳು ಅಳಿಯುತ್ತಿರುವುದಕ್ಕಾಗಿ ಮರುಗಿದವರೇ. ಅವರೇ ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದವರು. ಹಳೆಯದನ್ನು ಬಲ್ಲವನು ಹೊಸದನ್ನು ತರುವುದು ಒಂದು ಬಗೆ. ಹಳೆಯದನ್ನು ಕಲಿಯುವ ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಹೊಸದನ್ನು ಹಿಡಿಯುವುದು ಇನ್ನೊಂದು ಬಗೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು.

ಹೊಸತನವಿಲ್ಲದೆ ಎದ್ದು ಕಾಣುವುದು ಸಾಧ್ಯವೇ ಎಂದು ಕೇಳುವವರಿಗೆ ತೆಂಕುತಿಟ್ಟಿನ ಬಲಿಪ ನಾರಾಯಣ ಭಾಗವತರು ಉತ್ತರವಾಗಿದ್ದಾರೆ. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ, ಅದೇ ಹೆಸರಿನ ಅಜ್ಜನಿಂದ ಬಂದ ಶೈಲಿಯನ್ನು ಜೀವಮಾನವೆಲ್ಲ ಬಿಡದೆ ಹಾಡಿ, 2023ರಲ್ಲಿ ಅವರು ತೀರಿಕೊಂಡರು. ಬಹುಕಾಲ ಕಟೀಲು ಮೇಳದಲ್ಲಿದ್ದ ಅವರಿಗೆ ಅನೇಕ ಪ್ರಸಂಗಗಳು ಬಾಯಿಪಾಠವಾಗಿದ್ದುವು. ದೇವೀಮಹಾತ್ಮೆಯನ್ನು ಐದು ದಿನಗಳ ಆಟವಾಗುವಂತೆ ರಚಿಸಿದವರೂ ಅವರೇ. ಜಾಗಟೆಯನ್ನು ಹಿಡಿದು ಏರುಶ್ರುತಿಯಲ್ಲಿ ಪದ್ಯವನ್ನೆತ್ತಿದರೆಂದರೆ ಹಳೆಯ ಕಾಲದ ಬಯಲೇ ಎದುರಿಗೆ ಬಂದಂತಾಗುತ್ತಿತ್ತು. ಬೇರೆಯವರೆಲ್ಲರೂ ಹೊಸದರ ಕಡೆಗೆ ಸರಿದ ಹೊತ್ತಿನಲ್ಲಿ, ತಾನಿದ್ದ ಸ್ಥಳದಲ್ಲಿಯೇ ಗಟ್ಟಿಯಾಗಿ ನಿಂತದ್ದರಿಂದ ಅವರು ಎದ್ದು ಕಂಡರು. ನಾವಡರು ಮತ್ತು ಬಲಿಪರ ದಾರಿಗಳು ಒಂದಕ್ಕೊಂದು ಎದುರಾದುವು. ಆದರೆ ಇಬ್ಬರಿಗೂ ಸಮಾನವಾದ ಗುಣವೊಂದಿದೆ: ಕಥೆಯೂ ತಾಳವೂ ತಮಗಿಂತ ದೊಡ್ಡವೆಂಬ ತಿಳಿವಳಿಕೆ.

ಈ ವಿಷಯದಲ್ಲಿ ಹೊರನಾಡಿನವರ ಅನುಭವವೂ ನಮಗೆ ಪಾಠವಾಗಬಲ್ಲದು. ರಾಕ್ ಎಂದು ಕರೆಯುವ ಪಾಶ್ಚಾತ್ಯ ಸಂಗೀತದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ನಾಲ್ವರ ‘ಬೀಟಲ್ಸ್’ ಮೇಳದಷ್ಟು ಹೆಸರಾದುದು ಬೇರೊಂದಿಲ್ಲ. ಅವರ ಕಚೇರಿಗಳಲ್ಲಿ ಅಭಿಮಾನಿಗಳ ಕಿರುಚಾಟ ಎಷ್ಟಾಯಿತೆಂದರೆ, ವೇದಿಕೆಯ ಮೇಲಿದ್ದ ನಾಲ್ವರಿಗೆ ತಮ್ಮ ವಾದ್ಯಗಳ ಧ್ವನಿಯೇ ಸರಿಯಾಗಿ ಕೇಳುತ್ತಿರಲಿಲ್ಲ. 1966ರ ಆಗಸ್ಟ್ 29ರಂದು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹಾಡಿದ ಮೇಲೆ ಅವರು ಇಂತಹ ತಿರುಗಾಟವನ್ನೇ ನಿಲ್ಲಿಸಿಬಿಟ್ಟರು. ಮೆಚ್ಚುಗೆಯೇ ಮೇಳದ ಕಿವಿಯನ್ನು ಮುಚ್ಚಿದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ನಾಲ್ವರಲ್ಲಿ ಹೆಚ್ಚಿನ ಹಾಡುಗಳನ್ನು ಬರೆದವರು ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ. ಜಾರ್ಜ್ ಹ್ಯಾರಿಸನ್ನರಿಗೆ ದೊರೆಯುತ್ತಿದ್ದ ಅವಕಾಶ ಸ್ವಲ್ಪವೇ. ಆದರೂ ಅವರು ತಮ್ಮದೇ ಒಂದು ಬಗೆಯಲ್ಲಿ ಎದ್ದು ಕಂಡರು. 1965ರಲ್ಲಿ ತಮ್ಮ ಮೇಳದ ಹಾಡೊಂದರಲ್ಲಿ ಸಿತಾರನ್ನು ನುಡಿಸಿದರು; ಅದನ್ನು ವಿನೋದಕ್ಕೆ ಬಿಡದೆ, ಮರುವರ್ಷ ಭಾರತಕ್ಕೆ ಬಂದು ಪಂಡಿತ ರವಿಶಂಕರರ ಮುಂದೆ ಶಿಷ್ಯರಾಗಿ ಕುಳಿತರು. ಲೋಕವೇ ಕೊಂಡಾಡುತ್ತಿದ್ದ ತರುಣನೊಬ್ಬನು ಸರಳೆಯಿಂದ ಕಲಿಯಲು ಕುಳಿತದ್ದು ಸಾಮಾನ್ಯವಾದ ವಿನಯವಲ್ಲ. 1971ರ ಆಗಸ್ಟ್ 1ರಂದು ಬಾಂಗ್ಲಾದೇಶದ ನಿರಾಶ್ರಿತರ ನೆರವಿಗಾಗಿ ನ್ಯೂಯಾರ್ಕಿನಲ್ಲಿ ಅವರು ಏರ್ಪಡಿಸಿದ ಕಚೇರಿಯಲ್ಲಿ ಮೊದಲ ಸ್ಥಾನವನ್ನು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಇವರಿಗೆ ಕೊಟ್ಟು, ತಾವು ಆಮೇಲೆ ಹಾಡಿದರು. ತನಗೆ ಬಂದ ಬೆಳಕನ್ನು ಬೇರೆಯವರ ಮೇಲೆ ಬೀಳುವಂತೆ ಹಿಡಿಯುವುದೇ ಮೇಲ್ಮೆಯ ಗುರುತೆಂದು ಈ ಸಂದರ್ಭವು ತೋರಿಸಿಕೊಟ್ಟಿತು.

ಇಷ್ಟನ್ನು ಕಂಡ ಮೇಲೆ, ಮೇಳದಲ್ಲಿ ಒಬ್ಬನ ಮೇಲ್ಮೆಯನ್ನು ಅಳೆಯಲು ನಮಗೊಂದು ಅಳತೆಗೋಲು ಸಿಕ್ಕಂತಾಯಿತು. ಅವನು ಕುಳಿತ ರಾತ್ರಿ ಮದ್ದಲೆಯವನು ಎಂದಿಗಿಂತ ಚೆನ್ನಾಗಿ ನುಡಿಸಿದನೇ? ಹೊಸ ವೇಷಧಾರಿಯ ಕಾಲು ಧೈರ್ಯಗೊಂಡಿತೇ? ಬೆಳಗಾದ ಮೇಲೆ ಮನೆಗೆ ನಡೆದವರು ಹಾಡಿನೊಡನೆ ಕಥೆಯನ್ನೂ ಕೊಂಡುಹೋದರೇ? ಹೌದೆಂದಾದರೆ ಅವನು ನಿಜವಾಗಿ ದೊಡ್ಡವನು. ಇಲ್ಲವಾದರೆ, ಚಪ್ಪಾಳೆ ಎಷ್ಟೇ ಬಿದ್ದಿರಲಿ, ಅವನು ಮೇಳದ ಹೆಗಲ ಮೇಲೆ ಕುಳಿತು ಎತ್ತರವಾಗಿ ಕಂಡವನಷ್ಟೆ.

ಈಗ ನಮ್ಮ ಸೀಮೆಯಲ್ಲಿ ನಡೆಯುತ್ತಿರುವುದನ್ನು ಈ ಅಳತೆಗೋಲಿನಿಂದ ನೋಡಿದರೆ ಸಮಾಧಾನಕ್ಕೆ ಎಡೆ ಕಾಣುವುದಿಲ್ಲ. ನಾವಡರ ರಾಗವನ್ನು ಅನುಕರಿಸುವವರು ಹಲವರು. ಆ ರಾಗದ ಹಿಂದೆ ಇದ್ದ ಗುರುಕುಲದ ಶ್ರಮವನ್ನು ಅನುಸರಿಸುವವರು ಎಷ್ಟು ಮಂದಿ? ಆಟದ ಕರಪತ್ರದಲ್ಲಿ ಭಾಗವತರ ಚಿತ್ರ ದೊಡ್ಡದಾಗಿರುತ್ತದೆ. ಮದ್ದಲೆ ಚಂಡೆಗಳವರ ಹೆಸರು ಎಷ್ಟೋ ವೇಳೆ ‘ಮುಂತಾದವರು’ ಎಂಬ ಒಂದು ಮಾತಿನಲ್ಲಿ ಅಡಗಿಹೋಗುತ್ತದೆ. ಪದ್ಯದ ನಡುವೆ ಸಿಳ್ಳೆ ಬೀಳುತ್ತದೆ. ಸಿಳ್ಳೆಯ ಆಸೆಗಾಗಿ ಆಲಾಪನೆ ಬೆಳೆಯುತ್ತದೆ. ರಂಗದಲ್ಲಿ ನಿಂತ ಪಾತ್ರಧಾರಿಯು ತನ್ನ ಸರದಿಗಾಗಿ ಕಾಯುತ್ತ ನಿಂತಿರುತ್ತಾನೆ. ಅತಿಥಿ ಭಾಗವತರು ಒಂದು ಊರಿನಲ್ಲಿ ನಾಲ್ಕು ಪದ್ಯ ಹಾಡಿ ಮತ್ತೊಂದು ಊರಿನ ಆಟಕ್ಕೆ ಮೋಟಾರು ಹತ್ತುತ್ತಾರೆ; ಅವರೊಡನೆ ಅರ್ಧ ಸಭೆಯೂ ಏಳುತ್ತದೆ. ಆಟವನ್ನೇ ಬಿಟ್ಟು ಹಾಡನ್ನಷ್ಟೇ ಇಟ್ಟುಕೊಂಡ ‘ಗಾನವೈಭವ’ಗಳು ಬೇರೆ. ಇವುಗಳಲ್ಲಿ ಒಂದೊಂದೂ ಪ್ರತ್ಯೇಕವಾಗಿ ನೋಡಿದರೆ ಅಪರಾಧವಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕವನ್ನು ಕಟ್ಟುಮಾಡುವ 2000ದ ನಿಯಮಗಳೂ, ಬೆಳಗಿನವರೆಗೆ ಕುಳಿತಿರಲಾರದ ಉದ್ಯೋಗಸ್ಥರ ಅನಾನುಕೂಲವೂ ಕಾಲಮಿತಿಯ ಆಟಗಳನ್ನು ಅನಿವಾರ್ಯ ಮಾಡಿವೆ. ಆದರೆ ಕಾಲವು ಕಡಮೆಯಾದಷ್ಟೂ ಅದನ್ನು ಹಂಚಿಕೊಳ್ಳುವಲ್ಲಿ ನ್ಯಾಯ ಹೆಚ್ಚಾಗಬೇಕಲ್ಲವೇ? ಮೂರು ತಾಸಿನ ಆಟದಲ್ಲಿ ಒಂದು ತಾಸು ಒಬ್ಬರ ಆಲಾಪನೆಗೆ ಹೋದರೆ ಕಥೆಗೆ ಉಳಿಯುವುದೇನು?

ಇದರ ಪರಿಣಾಮ ಇಂದೇ ಕಾಣದು. ಮುಂದಿನ ತಲೆಮಾರಿನಲ್ಲಿ ಕಾಣುವುದು. ಮೆಚ್ಚುಗೆಯೂ ಸಂಭಾವನೆಯೂ ಎಲ್ಲಿಗೆ ಹರಿಯುತ್ತವೆಯೋ ಕಲಿಯುವ ಹುಡುಗರೂ ಅಲ್ಲಿಗೇ ಹೋಗುತ್ತಾರೆ. ಹಾಡುವವರು ಹೆಚ್ಚಿ, ಮದ್ದಲೆಗೆ ಕೈಯಿಡುವವರು ಇಲ್ಲದ ದಿನ ಬಂದರೆ, ಆ ಹಾಡು ಯಾವ ತಾಳದ ಮೇಲೆ ನಿಲ್ಲುವುದು? ನಮ್ಮ ತೋಟಗಾರರಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಕಾಫಿಗೆ ನೆರಳಿನ ಮರ ಬೇಕೇ ಬೇಕು. ಅದಿಲ್ಲದೆ ಬಿಸಿಲಿಗೆ ಗಿಡ ಸುಟ್ಟುಹೋಗುತ್ತದೆ. ಆದರೆ ಆ ಮರವನ್ನು ಮನಬಂದಂತೆ ಬೆಳೆಯಬಿಟ್ಟು, ವರ್ಷವರ್ಷವೂ ಮರಗಸಿ ಮಾಡಿಸದೆ ಹೋದರೆ, ಅದರ ಕೆಳಗಿನ ಗಿಡದಲ್ಲಿ ಎಲೆಯಿದ್ದರೂ ಹೂವು ಕಚ್ಚುವುದಿಲ್ಲ. ಮರವು ದೊಡ್ಡದಾಯಿತೆಂದು ಹಿಗ್ಗುವ ತೋಟಗಾರನನ್ನು ನಾವು ಕಂಡಿಲ್ಲ. ಅವನು ಎಣಿಸುವುದು ಗಿಡದ ಹಣ್ಣನ್ನು.

ಆದುದರಿಂದ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳಲ್ಲಿ ಆಟವಾಡಿಸುವ ಮಹನೀಯರಲ್ಲಿಯೂ ಸಂಘಗಳಲ್ಲಿಯೂ ನಮ್ಮ ಬಿನ್ನಹಗಳು ಇವು. ಕರಪತ್ರದಲ್ಲಿ ಹಿಮ್ಮೇಳದ ಪ್ರತಿಯೊಬ್ಬನ ಹೆಸರನ್ನೂ, ಶ್ರುತಿಯವನನ್ನೂ ಬಿಡದೆ, ಅಚ್ಚುಹಾಕಿಸಿರಿ. ಒಬ್ಬ ಭಾಗವತರಿಗೆ ಕಥೆಯ ಒಂದು ಪೂರ್ಣ ಭಾಗವನ್ನು ಒಪ್ಪಿಸಿರಿ. ಅದನ್ನು ಕಟ್ಟಿ ದಡ ಸೇರಿಸುವ ಹೊಣೆ ಅವರದಾಗಲಿ. ಧ್ವನಿವರ್ಧಕದವನಿಗೆ ಮದ್ದಲೆಯೂ ಪಾತ್ರಧಾರಿಯ ಮಾತೂ ಸಮವಾಗಿ ಕೇಳುವಂತೆ ಮಾಡೆಂದು ಮೊದಲೇ ತಿಳಿಸಿರಿ. ಸನ್ಮಾನದ ಶಾಲು ಒಂದೇ ಇದ್ದಲ್ಲಿ, ಒಂದು ವರ್ಷವಾದರೂ ಅದು ಚಂಡೆಯವನ ಹೆಗಲಿಗೆ ಬೀಳಲಿ. ಶಾಲೆಗಳಲ್ಲಿ ಯಕ್ಷಗಾನದ ತರಗತಿ ನಡೆಸುವವರು ಹಾಡು ಕುಣಿತಗಳೊಡನೆ ಎರಡು ಮದ್ದಲೆಗಳನ್ನೂ ತಂದಿಡಲಿ. ತೋಟದ ಕೆಲಸಗಾರರ ಮಕ್ಕಳಿಗೂ ಅಲ್ಲಿ ಸ್ಥಳವಿರಲಿ, ಏಕೆಂದರೆ ಈ ಕಲೆಯನ್ನು ಘಟ್ಟದ ಮೇಲೆ ಪ್ರೀತಿಯಿಂದ ಬರಮಾಡಿಕೊಂಡವರಲ್ಲಿ ಅವರ ಹಿರಿಯರು ಮುಖ್ಯರು.

ಪ್ರೇಕ್ಷಕ ಮಹಾಶಯರಿಗೂ ಒಂದು ಮಾತು. ಮೆಚ್ಚಿದ ಭಾಗವತರನ್ನು ಮೆಚ್ಚಬಾರದೆಂದು ನಾವು ಹೇಳುವುದಿಲ್ಲ. ಮೆಚ್ಚದ ಊರಿನಲ್ಲಿ ಕಲೆ ನಿಲ್ಲುವುದಿಲ್ಲ. ಮೆಚ್ಚುಗೆಯನ್ನು ಪದ್ಯ ಮುಗಿದ ಮೇಲೆ ತೋರಿಸಿರಿ, ಆಟ ಮುಗಿಯುವವರೆಗೆ ಕುಳಿತು ತೋರಿಸಿರಿ. ಒಮ್ಮೆಯಾದರೂ ಭಾಗವತರ ಕಡೆಯಿಂದ ಕಣ್ಣನ್ನು ತೆಗೆದು, ಅವರ ಬಲಗಡೆಯಲ್ಲಿ ಮದ್ದಲೆಯ ಮೇಲೆ ಬಾಗಿ ಕುಳಿತವನ ಬೆರಳುಗಳನ್ನು ನೋಡಿರಿ. ಭಾಗವತರು ಅಷ್ಟು ನಿಶ್ಚಿಂತೆಯಿಂದ ರಾಗವನ್ನು ಬಿಡಿಸುವುದು ಯಾರ ನಂಬಿಕೆಯ ಮೇಲೆಂಬುದು ಆಗ ತಿಳಿಯುವುದು. ಈ ತಿರುಗಾಟದಲ್ಲಿ ನಮ್ಮ ಬೆಟ್ಟಗಳ ಹತ್ತು ಆಟಗಳಲ್ಲಿ ಎರಡರಲ್ಲಾದರೂ ಈ ಕ್ರಮ ನಡೆದರೆ, ನಾಳೆಯ ಕಾಳಿಂಗ ನಾವಡರಿಗೆ ಬೇಕಾದ ಹಿಮ್ಮೇಳವನ್ನು ಇಂದೇ ಸಿದ್ಧಪಡಿಸಿದ ಪುಣ್ಯ ಈ ಸೀಮೆಯವರಿಗೆ ಸಲ್ಲುವುದು.